ಬೆಲ್ಟು ಪಂಡಿತರು ಹಾಕಿದ ಜಾಯಿಂಟು

ಹಗಲೆಲ್ಲ ರಬ್ಬರಿನ ವಾಸನೆ ಕುಡಿದು ಬಂದವನಿಗೆ ಮನೆಯಲ್ಲಿ ಹಾಸಿದ ಚಾಪೆಯೂ ಬೆಲ್ಟಿನ ಹಾಗೇ ಕಾಣುತ್ತದೆ. ಬೆಲ್ಟು ಪಂಡಿತರಿಗೆ ಹಿಡಿದದ್ದು ಅದೇ ಕಾಯಿಲೆ.

ಅವರು ದೊಡ್ಡ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತರು. ಜಲ್ಲಿ ಹೊರುವ, ಮೂಟೆ ಹೊರುವ ಕನ್ವೇಯರ್ ಬೆಲ್ಟುಗಳನ್ನು ಅಲ್ಲಿ ಆನೆಯ ಹಾಸಿಗೆ ಸುತ್ತಿಟ್ಟ ಹಾಗೆ ಸುರುಳಿ ಸುರುಳಿಯಾಗಿ ನಿಲ್ಲಿಸಿರುತ್ತಾರೆ. ಯಾರಾದರೂ ಕೇಳಿಕೊಂಡು ಬಂದರೆ ಪಂಡಿತರು ಬೀಗ ತೆಗೆಯಬೇಕು, ಸುರುಳಿಯ ಕಡೆ ಬೆರಳು ತೋರಿಸಬೇಕು, ಬಂದವರು ಹೋದ ಮೇಲೆ ಬೀಗ ಹಾಕಬೇಕು. ಸಂಬಳ ಬರುವುದೆಲ್ಲ ಆ ಒಂದು ಬೆರಳಿಗೆ. ಆದರೆ ಸುಮ್ಮನೆ ಕೂತವರ ಬಾಯಿ ಎಷ್ಟು ಹೊತ್ತು ಸುಮ್ಮನಿದ್ದೀತು? ಸುರುಳಿಗಳಿಗೆ ಅಂಟಿಸಿದ್ದ ಲೇಬಲ್ಲುಗಳನ್ನು ಓದೀ ಓದೀ ಅವರಿಗೆ ಬೆಲ್ಟಿನ ಏಳು ತಲೆಮಾರು ಬಾಯಿಪಾಠವಾಗಿಬಿಟ್ಟಿತ್ತು. ಬೆಲ್ಟಿನ ಹೊಟ್ಟೆಯೊಳಗಿರುವ ಬಟ್ಟೆಗೆ ಕಾರ್ಕಸ್ ಅನ್ನಬೇಕು. ಆ ಬಟ್ಟೆಯ ಒಂದೊಂದು ಪದರವೂ ಒಂದೊಂದು ಪ್ಲೈ. ಮೇಲೆ ಬಳಿದ ದಪ್ಪ ರಬ್ಬರು ಟಾಪ್ ಕವರ್, ಕೆಳಗೆ ಬಳಿದ ತೆಳು ರಬ್ಬರು ಬಾಟಮ್ ಕವರ್. ಹೀಗೆ ಹೇಳುತ್ತಾ ಹೋದರೆ ಕೇಳುವವರಿಗೆ ನಿದ್ದೆ ಬಂದು, ಎಚ್ಚರವಾಗಿ, ಮತ್ತೆ ನಿದ್ದೆ ಬರುತ್ತಿತ್ತು. ಪಂಡಿತರು ಇನ್ನೂ ಎರಡನೇ ಪ್ಲೈಯಲ್ಲೇ ಇರುತ್ತಿದ್ದರು.

ಒಂದು ದಿನ ಊಟಕ್ಕೆ ಕೂತು ಹೆಂಡತಿಗೆ ಉಪದೇಶ ಶುರುಮಾಡಿದರು.

"ನೋಡು, ಸಂಸಾರ ಅಂದ್ರೆ ಒಂದು ಕನ್ವೇಯರ್ ಇದ್ದ ಹಾಗೆ. ಮುಂದೆ ನಿಂತು ಎಳೆಯೋದು ಹೆಡ್ ಪುಲ್ಲಿ. ಹಿಂದುಗಡೆ ಇರೋದು ಟೇಲ್ ಪುಲ್ಲಿ. ನಡುವೆ ಸಾಲಾಗಿ ಸಣ್ಣ ಸಣ್ಣ ರೋಲರ್ ಇರ್ತವೆ, ಅವಕ್ಕೆ ಐಡ್ಲರ್ ಅಂತಾರೆ. ಅವು ತಾವಾಗಿ ಏನೂ ಮಾಡಲ್ಲ. ಬೆಲ್ಟು ಎಳೆದ್ರೆ ತಿರುಗ್ತವೆ, ಬೆಲ್ಟು ನಿಂತ್ರೆ ನಿಲ್ತವೆ."

"ಗೊತ್ತು ಬಿಡಿ," ಅಂದಳು ಹೆಂಡತಿ, ತಟ್ಟೆಗೆ ಇನ್ನಷ್ಟು ಅನ್ನ ಹಾಕುತ್ತಾ. "ಅದರ ಜೊತೇಲೇ ತಾನೇ ನಾನು ಇಷ್ಟು ವರ್ಷದಿಂದ ಬಾಳುವೆ ಮಾಡ್ತಿರೋದು."

ಮನೆಯಲ್ಲಿ ಸಿಗದ ಮರ್ಯಾದೆ ಬೀದಿಯಲ್ಲಿ ಸಿಗುತ್ತಿತ್ತು. ಹೊಲಿಗೆ ಯಂತ್ರದ ಪಟ್ಟಿ ತುಂಡಾಯಿತೆಂದು ಯಾರಾದರೂ ಬಂದರೆ ಪಂಡಿತರು ಪಟ್ಟಿಯನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿ, "ಕಾರ್ಕಸ್ ದಣಿದಿದೆ," ಅನ್ನುತ್ತಿದ್ದರು. ಬಂದವರು ಪೇಟೆಗೆ ಹೋಗಿ ಹೊಸ ಪಟ್ಟಿ ತರುತ್ತಿದ್ದರು, ಯಂತ್ರ ಓಡುತ್ತಿತ್ತು, ಹೆಸರು ಮಾತ್ರ ಪಂಡಿತರಿಗೆ. ಅವರು ಇವತ್ತಿನವರೆಗೂ ಒಂದು ತಿರುಪು ತಿರುಗಿಸಿದ್ದನ್ನು ಕಂಡವರಿಲ್ಲ. ಕಂಡಿಲ್ಲ ಅನ್ನುವುದನ್ನೂ ಯಾರೂ ಗಮನಿಸಿರಲಿಲ್ಲ. ಮಾತಿನಲ್ಲಿ ಮನೆ ಕಟ್ಟುವವರನ್ನು ಇಟ್ಟಿಗೆ ಎಲ್ಲಿ ಅಂತ ಯಾರು ಕೇಳುತ್ತಾರೆ?

ಇಂಥ ಪಂಡಿತರ ಅಕ್ಕ ಅದೇ ಬೀದಿಯ ತುದಿಯಲ್ಲಿ ಬೇಕರಿ ನಡೆಸುತ್ತಿದ್ದಳು. ಎರಡೇ ಕೋಣೆ: ಹಿಂದಿನದರಲ್ಲಿ ಒಲೆ, ಮುಂದಿನದರಲ್ಲಿ ಅಂಗಡಿ. ಬಿಸಿ ಬ್ರೆಡ್ಡಿನ ತಟ್ಟೆ ಹೊತ್ತು ಹೊತ್ತು ಅಕ್ಕನ ಸೊಂಟ ಕಳಚಿ ಕೈಗೆ ಬರುವ ಹಾಗಾದಾಗ ಭಾವ, ಅಂದರೆ ಅಕ್ಕನ ಗಂಡ, ಒಂದು ಪುಟ್ಟ ಕನ್ವೇಯರ್ ತಂದು ಹಾಕಿಸಿದ್ದರು. ಅದು ಒಲೆಯ ಬಾಯಿಗೆ ಅಂಟಿಕೊಂಡು ಶುರುವಾಗಿ, ನಡುಗೋಡೆಯ ಕಿಂಡಿಯಲ್ಲಿ ತೂರಿ, ಅಂಗಡಿಯ ಮುಂಗೋಡೆಗೆ ಮೂಗು ತಾಗಿಸಿ ನಿಂತಿತ್ತು. ಯಂತ್ರವನ್ನು ಮೊದಲು ಕೂರಿಸಿ, ಒಲೆಯ ಕಾವು ಅಂಗಡಿಗೆ ಬಾರದಿರಲೆಂದು ಆಮೇಲೆ ಅದರ ಸುತ್ತ ಗೋಡೆ ಎಬ್ಬಿಸಿದ್ದು. ಎಬ್ಬಿಸಿದವರು ಪಕ್ಕದ ಮನೆಯ ಗಾರೆ ಮೇಸ್ತ್ರಿ. ಕಿಂಡಿ ಎಷ್ಟು ಬಿಗಿಯೆಂದರೆ, ಯಂತ್ರದ ಪಕ್ಕ ಒಂದು ಇರುವೆ ದಾಟಬೇಕಾದರೂ ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು. ಮೇಸ್ತ್ರಿ ಈ ಮಾತನ್ನು ತಾವೇ ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗುತ್ತಿದ್ದರು.

ಬೇಕರಿಗೆ ಒಳ್ಳೆ ಕಾಲ ಬರುವ ಲಕ್ಷಣ ಕಂಡಿತ್ತು. ದೊಡ್ಡ ಆಸ್ಪತ್ರೆಗೆ ದಿನವೂ ಬ್ರೆಡ್ಡು ಒದಗಿಸುವ ಆರ್ಡರು ಅಕ್ಕನ ಬಾಗಿಲವರೆಗೂ ಬಂದು ನಿಂತಿತ್ತು. ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ ಖುದ್ದಾಗಿ ಬಂದು ಹಿಟ್ಟು ಮೂಸಿದರು, ಒಲೆ ಇಣುಕಿದರು, ಅಕ್ಕನ ಉಗುರು ನೋಡಿದರು. ಎಲ್ಲಕ್ಕೂ ತಲೆಯಾಡಿಸಿದವರು ಬೆಲ್ಟಿನ ಹತ್ತಿರ ಬಂದು ಮುಖ ಹುಳ್ಳಗೆ ಮಾಡಿದರು. ಬೆಲ್ಟಿನ ಎರಡು ತುದಿಗಳನ್ನು ಕಬ್ಬಿಣದ ಕೊಕ್ಕೆ ಹಾಕಿ ಜೋಡಿಸಿತ್ತು.

"ಇದರಲ್ಲಿ ಒಂದು ಕೊಕ್ಕೆ ಕಳಚಿ ಬ್ರೆಡ್ಡಿನೊಳಗೆ ಸೇರ್ಕೊಂಡ್ರೆ? ಹೊಟ್ಟೆನೋವು ಅಂತ ಬಂದ ರೋಗಿಗೆ ನಾವೇ ಮೊಳೆ ತಿನ್ನಿಸಿ ಮನೆಗೆ ಕಳಿಸೋದಾ? ಹೊಸ ಬೆಲ್ಟ್ ಹಾಕ್ಸಿ. ಕೊಕ್ಕೆ ಕೂಡದು. ಕಾಯಿಸಿ ಅಂಟಿಸ್ತಾರಲ್ಲ, ಆ ಬಿಸಿ ಜಾಯಿಂಟ್ ಇರಬೇಕು. ಭಾನುವಾರ ಸಂಜೆ ಬಂದು ನೋಡ್ತೀನಿ. ಆಗಿಲ್ಲಾಂದ್ರೆ ಆರ್ಡರ್ ಎದುರಿನ ಬೇಕರಿಗೆ."

ಎದುರಿನ ಬೇಕರಿ! ಅಕ್ಕನ ಗಿರಾಕಿಗಳನ್ನೆಲ್ಲ ಬಣ್ಣದ ದೀಪ ಹಾಕಿ ಸೆಳೆದುಕೊಂಡ ಬೇಕರಿ. ಈ ಆರ್ಡರೂ ಅತ್ತ ಹೋದರೆ ಅಕ್ಕ ಒಲೆ ಆರಿಸಿ ಬಾಗಿಲು ಹಾಕುವುದೊಂದೇ ಬಾಕಿ. ಹೊಸ ಬಿಳಿ ಬೆಲ್ಟು ಏನೋ ಬಂತು, ಸುರುಳಿ ಸುತ್ತಿಕೊಂಡು ಮದುವಣಗಿತ್ತಿಯ ಹಾಗೆ ಮೂಲೆಯಲ್ಲಿ ಕೂತಿತು. ಆದರೆ ಅದನ್ನು ಜೋಡಿಸಬೇಕಾದ ಬೆಲ್ಟು ಕಂಪನಿಯ ಫಿಟ್ಟರು ಜ್ವರ ಬಂದು ಮಲಗಿದ್ದ. ಮುಂದಿನ ವಾರದ ಮಾತು ಅಂತ ಹೇಳಿ ಕಳಿಸಿದ.

ಶನಿವಾರ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದಳು. ಪಂಡಿತರು ಬನ್ನು ಚಹಾದಲ್ಲಿ ಅದ್ದುತ್ತಾ, ಯಾರೂ ಕೇಳದೆ ಅಂದರು:

"ಬಿಸಿ ಜಾಯಿಂಟ್ ತಾನೇ? ಅದಕ್ಕೆ ಯಾಕೆ ಇಷ್ಟು ಗೋಳು? ನಮ್ಮ ಸ್ಟೋರಲ್ಲಿ ನನ್ನ ಮೇಜಿನ ಮೇಲೇ ಹಾಕ್ತಾರೆ. ವಾರಕ್ಕೊಂದಾದ್ರೂ ಆಗುತ್ತೆ."

"ಹಾಕ್ತಾರೆ ಅಂದ್ರೆ ಯಾರು ಹಾಕ್ತಾರೆ?" ಹೆಂಡತಿ ಕೇಳಿದಳು.

ಆ ಪ್ರಶ್ನೆಯನ್ನು ಭಾವ ಕಾಲಲ್ಲಿ ತುಳಿದುಕೊಂಡೇ ಮುಂದೆ ಬಂದರು. ಅವರಿಗೆ ಭಾವಮೈದುನನೆಂದರೆ ಪ್ರಾಣ. ಪಂಡಿತರು ಸೀನಿದರೂ ಅದರಲ್ಲಿ ಏನೋ ಅರ್ಥವಿರಬೇಕೆಂದು ಕಾಯುವವರು.

"ಅಯ್ಯೋ ದೇವರೇ! ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತಲ್ಲ! ನೀನೇ ಹಾಕಪ್ಪಾ!"

"ಲೋ, ನಿಜವಾಗ್ಲೂ ಆಗುತ್ತೇನೋ?" ಅಕ್ಕ ಸೆರಗು ಕೆಳಗಿಳಿಸಿದಳು. ಕಣ್ಣಲ್ಲಿ ಒಲೆ ಹೊತ್ತಿಕೊಂಡಷ್ಟು ಬೆಳಕು.

ಅಂಥ ಬೆಳಕಿಗೆ 'ಆಗಲ್ಲ' ಅನ್ನಲು ಎಂಟೆದೆ ಬೇಕು. ಪಂಡಿತರಿಗಿದ್ದದ್ದು ಒಂದೇ, ಅದೂ ಬನ್ನು ತಿನ್ನುತ್ತಿತ್ತು. "ಆಗದೆ ಏನು?" ಅಂದುಬಿಟ್ಟರು.

ಭಾನುವಾರ ಬೆಳಗ್ಗೆ ತಮ್ಮ ಕಾರ್ಖಾನೆಯ ಫಿಟ್ಟರನ್ನು ಕಾಡಿ ಬೇಡಿ ಬಿಸಿ ಪ್ರೆಸ್ಸು ತಂದರು; 'ನೀನೂ ಬಾ' ಅನ್ನಲು ಮಾತ್ರ ಮರ್ಯಾದೆ ಬಿಡಲಿಲ್ಲ. ಇಸ್ತ್ರಿ ಪೆಟ್ಟಿಗೆಗೆ ದೊಡ್ಡಪ್ಪನಂಥದ್ದು ಅದು; ನಡುವೆ ಬೆಲ್ಟಿನ ತುದಿ ಇಟ್ಟು ಮುಚ್ಚಳ ಬಿಗಿದರೆ ಕಾದು ಕರಗಿ ಎರಡೂ ಒಂದಾಗುತ್ತವೆ. ಅಂಗಡಿಯ ಮುಂದಿನ ಜಗುಲಿಯ ಮೇಲೆ ಉದ್ದನೆಯ ಮೇಜು ಹಾಕಿಸಿದರು. "ಬೆಳಕು ಚೆನ್ನಾಗಿರಬೇಕು," ಅಂದರು. ಬೀದಿಗೆ ಬೀದಿಯೇ ಬಂದು ನಿಂತಿತು. ಮೇಸ್ತ್ರಿ ಮುಂದೆ ನಿಂತರು. ಭಾವ ಜನರನ್ನು ಹಿಂದೆ ತಳ್ಳುತ್ತಾ, "ಗಾಳಿ ಬಿಡಿ, ಗಾಳಿ ಬಿಡಿ," ಅನ್ನುತ್ತಿದ್ದರು, ಒಳಗೆ ಹೆರಿಗೆಯಾಗುತ್ತಿರುವ ಹಾಗೆ.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ನೋಡೀ ನೋಡೀ ಕಲಿತದ್ದು ಪಂಡಿತರ ಕೈಗೂ ಬಂತು. ಬೆಲ್ಟಿನ ಒಂದು ತುದಿಯನ್ನು ಅಚ್ಚಿನ ಮೇಲಿಟ್ಟು ಗರಗಸದ ಹಲ್ಲಿನ ಹಾಗೆ ಕತ್ತರಿಸಿದರು, ಇನ್ನೊಂದು ತುದಿಯನ್ನೂ ಹಾಗೇ ಕತ್ತರಿಸಿದರು. ಎರಡು ಕೈಗಳ ಬೆರಳು ಹೆಣೆದಂತೆ ಆ ಹಲ್ಲಿನ ಸಂದಿಗೆ ಈ ಹಲ್ಲು ಕೂರಿಸಿದರು. ಪ್ರೆಸ್ಸಿನ ಮುಚ್ಚಳ ಬಿಗಿದರು. ಕಾದರು, ಬೆವತರು, ಯಾರೋ ಕೆಮ್ಮಿದ್ದಕ್ಕೆ ಗದರಿದರು. ಪ್ರೆಸ್ಸು ಆರಿದ ಮೇಲೆ ಮುಚ್ಚಳ ತೆಗೆದರೆ, ಜಾಯಿಂಟು ಎಲ್ಲಿ? ಕಾಣಿಸುವುದೇ ಇಲ್ಲ! ಬೆಲ್ಟು ಹುಟ್ಟುವಾಗಲೇ ದುಂಡಗೆ ಹುಟ್ಟಿತ್ತೇನೋ ಅನ್ನುವ ಹಾಗೆ ನುಣ್ಣಗಿತ್ತು.

ಮೇಸ್ತ್ರಿ ಒಂದು ಕಡೆಯಿಂದ, ಭಾವ ಇನ್ನೊಂದು ಕಡೆಯಿಂದ ಹಿಡಿದು ಎಳೆದರು. ಭಾವ ಜಾರಿ ಬಿದ್ದರು, ಜಾಯಿಂಟು ಬಿಡಲಿಲ್ಲ. ಜನ ಚಪ್ಪಾಳೆ ಹೊಡೆದರು. ಅಕ್ಕ ತಮ್ಮನ ದೃಷ್ಟಿ ತೆಗೆದು ಹತ್ತೂ ಬೆರಳು ನೆಟಿಕೆ ಮುರಿದಳು. ಹೆಂಡತಿಯ ಮುಖದಲ್ಲೂ, 'ಇದ್ದರೂ ಇರಬಹುದು' ಅನ್ನುವಂಥ ಒಂದು ಅನುಮಾನ ಮೂಡಿತು. ಪಂಡಿತರು ಬೆಲ್ಟನ್ನು ಹೂವಿನ ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ಎರಡೂ ಕಡೆ ತಿರುಗಿ ತೋರಿಸಿದರು.

ಎಲ್ಲ ಸದ್ದು ಅಡಗಿದ ಮೇಲೆ ಮೇಸ್ತ್ರಿ ಬಹಳ ಸಾಧುವಾಗಿ ಕೇಳಿದರು:

"ಪಂಡಿತ್ರೇ, ಈಗ ಇದನ್ನ ಯಂತ್ರಕ್ಕೆ ಹಾಕೋದು ಹೇಗೆ?"

ಪಂಡಿತರು ಬಾಯಿ ತೆರೆದರು. ಯಂತ್ರ ನೋಡಿದರು. ಕೊರಳಲ್ಲಿದ್ದ ಬೆಲ್ಟು ನೋಡಿದರು. ಬಾಯಿ ಹಾಗೇ ತೆರೆದೇ ಇತ್ತು.

ಬೆಲ್ಟನ್ನು ಮೊದಲು ಯಂತ್ರದ ಮೇಲೆ ಹಾಸಿ, ಆ ತುದಿಯ ಪುಲ್ಲಿ ಸುತ್ತಿಸಿ, ಕೆಳಗೆ ಕಾಲುಗಳ ನಡುವಿನಿಂದ ವಾಪಸ್ಸು ತಂದು, ಯಂತ್ರದ ಮೇಲೇ ತುದಿಗೆ ತುದಿ ಅಂಟಿಸಬೇಕು. ಪಂಡಿತರು ಮೇಜಿನ ಮೇಲೇ ಅಂಟಿಸಿ ಮುಗಿಸಿದ್ದರು. ಕೂಸನ್ನು ತೊಟ್ಟಿಲಲ್ಲೇ ಬಿಟ್ಟು ಅಂಗಿಯ ಕತ್ತು, ತೋಳು, ಹೊಟ್ಟೆ ಎಲ್ಲ ಹೊಲಿದುಬಿಟ್ಟ ಹಾಗಾಗಿತ್ತು. ಇದರಲ್ಲಿ ಅವರ ತಪ್ಪೇನಿದೆ? ಸ್ಟೋರಿನಲ್ಲಿ ಅವರು ಕಂಡದ್ದೇ ಅಷ್ಟು. ಒಂದು ಮಗ್ಗುಲು ಪೂರ್ತಿ ತೆರೆದಿರುವ ಸಣ್ಣ ಯಂತ್ರಗಳಿಗೆ ಫಿಟ್ಟರು ಮೇಜಿನ ಮೇಲೇ ಜಾಯಿಂಟು ಹಾಕಿ, ಹೆಗಲಿಗೇರಿಸಿಕೊಂಡು ಹೋಗಿ, ಪಕ್ಕದಿಂದ ಬಳೆ ತೊಡಿಸಿದ ಹಾಗೆ ತೊಡಿಸುತ್ತಿದ್ದ. ಬಾಗಿಲಾಚೆ ಆ ಬಳೆ ಯಾವ ಕೈಗೆ ಹೋಗುತ್ತದೆಂದು ಪಂಡಿತರು ಒಂದು ದಿನವೂ ಕುರ್ಚಿ ಬಿಟ್ಟೆದ್ದು ನೋಡಿರಲಿಲ್ಲ. ಅಕ್ಕನ ಯಂತ್ರಕ್ಕೋ ಎರಡೂ ಮಗ್ಗುಲಿಗೆ ಕಾಲು, ನಡುವೆ ಇರುವೆಗೂ ಜಾಗ ಬಿಡದ ಮೇಸ್ತ್ರಿಯ ಗೋಡೆ!

ಹೆಂಡತಿ ಹತ್ತಿರ ಬಂದು ಪಿಸುಗುಟ್ಟಿದಳು: "ರೀ, ಕತ್ತರಿಸಿ ಮತ್ತೆ ಅಂಟಿಸೋಕಾಗಲ್ವಾ?"

"ಉದ್ದ ಸಾಲಲ್ಲ ಕಣೇ. ಒಂದು ಜಾಯಿಂಟಿಗೆ ಎಷ್ಟು ಬೇಕೋ ಅಷ್ಟೇ ಕೊಟ್ಟಿದ್ದಾರೆ. ಇನ್ನೊಂದು ಸಲ ಹಲ್ಲು ಕತ್ತರಿಸಿದ್ರೆ ಮೊಣಕಾಲಿನವರೆಗಿನ ಲಂಗ ಆಗುತ್ತೆ."

"ಹಾಗಾದ್ರೆ ಈಗ?"

ಪಂಡಿತರು ಕಿಂಡಿಯ ಕಡೆ ನೋಡುತ್ತಾ ನರಳಿದರು: "ಹಾಳಾದ ಈ ಗೋಡೆ ಒಂದು ಇಲ್ದೇ ಹೋಗಿದ್ರೆ..."

ಅಷ್ಟೇ ಸಾಕಾಯಿತು. ಭಾವ ಎರಡೂ ಕೈ ಮೇಲೆತ್ತಿದರು.

"ಕೇಳಿದ್ರಾ? ಗೋಡೆ ತೆಗೀಬೇಕಂತೆ! ನಾನು ಆಗಲೇ ಅಂದ್ಕೊಂಡೆ, ಇವನು ಬೇಕು ಅಂತಲೇ ಬೆಲ್ಟನ್ನ ಹೊರಗಡೆ ಜೋಡಿಸಿದ್ದಾನೆ ಅಂತ. ಇಲ್ಲಾಂದ್ರೆ ಇಷ್ಟು ತಿಳಿದವನು ಸುಮ್‌ಸುಮ್ನೆ ಹಾಗೆ ಮಾಡ್ತಾನಾ?"

ಜನರೆಲ್ಲ ಪಂಡಿತರ ಮುಖ ನೋಡಿದರು. 'ಸುಮ್‌ಸುಮ್ನೆ ಮಾಡಿದೆ' ಅನ್ನಲು ಅದು ಸಮಯವಲ್ಲ. ಪಂಡಿತರು ಗಂಟಲು ಸರಿಮಾಡಿಕೊಂಡು, ಯಾವ ಲೇಬಲ್ಲಿನ ಮೇಲೂ ಇಲ್ಲದ ಒಂದು ಮಾತು ಹೇಳಿದರು:

"ಬೆಲ್ಟಿನೊಳಗೆ ಯಂತ್ರ ಇರಬೇಕು, ಯಂತ್ರದೊಳಗೆ ಬೆಲ್ಟಲ್ಲ."

"ಆಹಾ!" ಅಂದರು ಭಾವ. ಅರ್ಥವಾಗಿದ್ದರೆ ಅಷ್ಟು ಜೋರಾಗಿ ಅನ್ನುತ್ತಿರಲಿಲ್ಲ.

ಮೇಸ್ತ್ರಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. "ಯಾರ ಗೋಡೆ ಇದು? ನಾನು ಕಟ್ಟಿದ ಗೋಡೆ! ಭೂಮಿ ಅಲ್ಲಾಡಿದ್ರೂ ಇದು ಅಲ್ಲಾಡಲ್ಲ ಅಂತ ಹೇಳಿ ಕಟ್ಟಿದ್ದು! ಒಂದು ರಬ್ಬರ್ ಪಟ್ಟಿಗೋಸ್ಕರ ಇದನ್ನ ಒಡೀಬೇಕಾ?"

ಪಂಡಿತರು ಮೇಸ್ತ್ರಿಯ ಹೆಗಲ ಮೇಲೆ ಕೈ ಹಾಕಿದರು. ಬೀಳದಿರಲೆಂದು ಆನಿಕೊಂಡದ್ದು, ಮೇಸ್ತ್ರಿ ಅದನ್ನು ಪ್ರೀತಿ ಅಂದುಕೊಂಡರು.

"ಮೇಸ್ತ್ರಿ, ನೀವು ನಾನು ಬೇರೆ ಅಲ್ಲ. ನಿಮ್ಮ ಗೋಡೆಗೂ ಕಾರ್ಕಸ್ ಇದೆ. ಇಟ್ಟಿಗೆ ಸಾಲು ಒಂದೊಂದೂ ಒಂದೊಂದು ಪ್ಲೈ. ಮೇಲೆ ಬಳಿದಿರೋ ಗಾರೆ ಟಾಪ್ ಕವರ್. ಆದ್ರೆ ಒಂದು ವ್ಯತ್ಯಾಸ. ಒಡೆದ ಗೋಡೆನ ಮತ್ತೆ ಕಟ್ಟೋಕೆ ಊರಲ್ಲಿ ನಿಮ್ಮಂಥೋರಿದ್ದಾರೆ. ಕತ್ತರಿಸಿದ ಬೆಲ್ಟಿಗೆ ಯಾರಿದ್ದಾರೆ ಹೇಳಿ?"

ತಮ್ಮ ಗೋಡೆಗೆ ಇಷ್ಟೆಲ್ಲ ದೊಡ್ಡ ಹೆಸರುಗಳಿವೆ ಅಂತ ಮೇಸ್ತ್ರಿಗೆ ಅವತ್ತೇ ಗೊತ್ತಾದದ್ದು. ಕರಗಿ ನೀರಾದರು. ಆದರೂ ಅಕ್ಕನ ಕಡೆ ತಿರುಗಿ, "ಏನಮ್ಮಾ, ಒಡೀಲಾ?" ಅಂದರು.

ಅಕ್ಕ ತಮ್ಮನನ್ನು ದಿಟ್ಟಿಸಿದಳು. ಎತ್ತಿ ಆಡಿಸಿದ ಮಗು. ಸುಳ್ಳು ಹೇಳುವಾಗ ಅವನ ಎಡಕಿವಿ ಕೆಂಪಾಗುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಕಿವಿ ಈಗ ಟೊಮೇಟೊ ಹಣ್ಣಾಗಿತ್ತು. ಗಡಿಯಾರ ನೋಡಿದಳು. ಎದುರಿನ ಬೇಕರಿಯ ಬಣ್ಣದ ದೀಪ ನೋಡಿದಳು. ಹಲ್ಲು ಕಚ್ಚಿ ಅಂದಳು: "ಒಡಿ."

ಕಿಂಡಿಯ ಪಕ್ಕದಲ್ಲಿ ಬೆಲ್ಟಿನ ಅಗಲದಷ್ಟು ಮಾತ್ರ ಒಡೆಯಬೇಕೆಂದು ಮಾತಾಗಿತ್ತು. ಆದರೆ ಮೇಸ್ತ್ರಿ ಕಟ್ಟುವಾಗ ಎಷ್ಟು ಶ್ರದ್ಧೆಯೋ ಒಡೆಯುವಾಗಲೂ ಅಷ್ಟೇ. ಮೊದಲ ಏಟಿಗೆ ಗಾರೆ ಉದುರಿತು. ಎರಡನೇ ಏಟಿಗೆ ಒಂದು ಇಟ್ಟಿಗೆ ಬಂತು, ಅದು ಪಕ್ಕದ ಇಟ್ಟಿಗೆಯನ್ನು ಕರೆಯಿತು, ಅದು ತನ್ನ ನೆಂಟರನ್ನೆಲ್ಲ ಕರೆಯಿತು. ಭೂಮಿ ಅಲ್ಲಾಡಿದರೂ ಅಲ್ಲಾಡದ ಗೋಡೆ ಕಿಂಡಿಯಿಂದ ಬಾಗಿಲವರೆಗೆ ಧೊಪ್ಪೆಂದು ಕೂತುಬಿಟ್ಟಿತು. ಧೂಳು ಇಳಿದ ಮೇಲೆ ನೋಡಿದರೆ ಇಡೀ ಬೀದಿಯ ಜನ ಹಿಟ್ಟಿನ ಮೂಟೆಯಿಂದ ಎದ್ದುಬಂದ ಹಾಗಿದ್ದರು. ಹೆಂಡತಿಗೆ ಗಂಡ ಯಾರೆಂದು ಕೆಮ್ಮಿನ ಮೇಲೆ ಗುರುತು ಹಿಡಿಯಬೇಕಾಯಿತು.

"ಸ್ವಲ್ಪ ಜಾಸ್ತಿ ಆಯ್ತು," ಅಂದರು ಮೇಸ್ತ್ರಿ.

"ಗಾಳಿ ಆಡಬೇಕು," ಅಂದರು ಪಂಡಿತರು.

ಆಮೇಲೆ ಕೊಕ್ಕೆ ಕಳಚಿ ಹಳೆಯ ಬೆಲ್ಟು ತೆಗೆದು, ಯಂತ್ರದ ಒಂದು ಮಗ್ಗುಲಿನ ಕಾಲುಗಳನ್ನೆಲ್ಲ ಬಿಚ್ಚಿದರು. ಬೀದಿಯ ಗಂಡಸರೆಲ್ಲ ಸೇರಿ ಯಂತ್ರವನ್ನು ಎತ್ತಿ ಹಿಡಿದರು. ಅಕ್ಕ, ಹೆಂಡತಿ ಅನ್ನದೆ ಹೆಂಗಸರೆಲ್ಲ ಬೆಲ್ಟು ಹಿಡಿದು, ಜಗ್ಗಿ, ಬೈದು, ಮುದ್ದು ಮಾಡಿ, ದಪ್ಪ ಕೈಗೆ ಸಣ್ಣ ಬಳೆ ಏರಿಸಿದ ಹಾಗೆ ಪಕ್ಕದಿಂದ ಏರಿಸಿದರು. ಬೆಲ್ಟು ಕೂತಿತು. ಕಾಲುಗಳನ್ನು ಮತ್ತೆ ಹಾಕಿದರು. ಭಾವ ಸ್ವಿಚ್ಚು ಒತ್ತಿದರು. ಬೆಲ್ಟು ಹೊರಟಿತು, ಗಂಭೀರವಾಗಿ, ಬಿಳಿ ಬಾತುಕೋಳಿಯ ಹಾಗೆ.

ಮತ್ತೆ ಚಪ್ಪಾಳೆ. ಚಪ್ಪಾಳೆ ಮುಗಿಯುವುದರೊಳಗೆ ಬೆಲ್ಟು ಮೆಲ್ಲಗೆ ಎಡಕ್ಕೆ ವಾಲತೊಡಗಿತು. ಪರೀಕ್ಷೆಗೆಂದು ಅಕ್ಕ ಇಟ್ಟಿದ್ದ ಬ್ರೆಡ್ಡುಗಳು ಒಂದೊಂದಾಗಿ ಅಂಚಿಗೆ ಬಂದು, ಕೆರೆಗೆ ಹಾರುವ ಕಪ್ಪೆಗಳ ಹಾಗೆ ಕೆಳಕ್ಕೆ ಹಾರಿದವು. ಮತ್ತೆ ಹಾಕಿದ ಕಾಲುಗಳ ಕೆಳಗೆ ಇಟ್ಟಿಗೆ ಚೂರು ಸೇರಿಕೊಂಡು ಯಂತ್ರ ಸೊಟ್ಟಗಾಗಿತ್ತು. ಯಂತ್ರ ಸೊಟ್ಟಗಿದ್ದರೆ ಬೆಲ್ಟು ನೆಟ್ಟಗೆ ಹೋದೀತೇ?

ಅದೇ ಗಳಿಗೆಗೆ ಬಾಗಿಲಲ್ಲಿ ಕತ್ತಲಾಯಿತು. ಕಟ್ಟಡದ ಯಜಮಾನರು ಬಂದು ನಿಂತಿದ್ದರು. ಅವರು ಬಾಗಿಲಲ್ಲಿ ನಿಂತರೆ ಹಗಲು ಅವರ ಪಕ್ಕದಿಂದ ಸಂದಿ ಮಾಡಿಕೊಂಡು ಒಳಗೆ ಬರಬೇಕು, ಅಂಥ ಆಳು.

"ನನ್ನ ಗೋಡೆ ಎಲ್ಲಿ?"

ಗೋಡೆಯನ್ನು ಬಚ್ಚಿಟ್ಟುಕೊಂಡವರ ಹಾಗೆ ಎಲ್ಲರೂ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಕೇಳ್ತಿರೋದು ನಿಮ್ಮನ್ನೇ! ಬೆಳಗ್ಗೆ ಇತ್ತು, ಈಗ ಇಲ್ಲ! ಗೋಡೆಗೇನು ಕಾಲಿದೆಯಾ ವಾಕಿಂಗ್ ಹೋಗೋಕೆ?" ಅಂತ ಗುಡುಗುತ್ತಾ ಒಳಗೆ ನುಗ್ಗಿ, ಯಂತ್ರದ ಬಲಗಡೆಯ ಮೂಲೆಯ ಮೇಲೆ ಎರಡೂ ಕೈ ಊರಿ, ಪಂಡಿತರ ಮುಖಕ್ಕೆ ಮುಖ ತಂದರು.

ಯಂತ್ರ 'ಕಿರ್ರ್' ಅಂದಿತು. ಬೆಲ್ಟು ಬಲಕ್ಕೆ ಸರಿದು, ನಟ್ಟನಡುವೆ ಬಂದು, ದಾರ ಹಿಡಿದ ಹಾಗೆ ನೇರವಾಗಿ ಓಡತೊಡಗಿತು.

ಯಜಮಾನರು ಬೆರಳು ಎತ್ತಿ ಆಡಿಸಲೆಂದು ಒಂದು ಕೈ ತೆಗೆದರು. ಬೆಲ್ಟು ಎಡಕ್ಕೆ ಹೋಯಿತು. ಕೈ ಊರಿದರು, ನಡುವೆ ಬಂತು. ಇದನ್ನು ಕಂಡವಳು ಪಂಡಿತರ ಹೆಂಡತಿ ಒಬ್ಬಳೇ. ಅದೇ ಹೊತ್ತಿಗೆ ಕಿಟಕಿಯಾಚೆ ಆಸ್ಪತ್ರೆಯ ಕಾರು ಬಂದು ನಿಂತದ್ದನ್ನು ಕಂಡವಳೂ ಅವಳೇ. ಸೀದಾ ಹೋಗಿ ಯಜಮಾನರ ಮುಂದೆ ಕೈ ಮುಗಿದಳು.

"ಯಜಮಾನ್ರೇ, ನಿಮ್ಮ ಕೋಪ ನ್ಯಾಯವಾದದ್ದು. ಅರ್ಧಕ್ಕೆ ನಿಲ್ಲಿಸಬೇಡಿ, ಆರೋಗ್ಯಕ್ಕೆ ಒಳ್ಳೇದಲ್ಲ. ನಿಂತು ಬೈದ್ರೆ ಕಾಲು ನೋಯುತ್ತೆ. ಇಲ್ಲೇ, ಈ ಮೂಲೆ ಮೇಲೆ ಕೂತ್ಕೊಂಡು ನಿಧಾನವಾಗಿ ಬೈಯಿರಿ. ಅತ್ತಿಗೆ, ಯಜಮಾನ್ರಿಗೆ ಬಿಸಿ ಬನ್ನು ಕೊಡಿ."

ಇಷ್ಟು ಮರ್ಯಾದೆಯಿಂದ ಬೈಸಿಕೊಳ್ಳುವವರನ್ನು ಯಜಮಾನರು ಜನ್ಮದಲ್ಲಿ ಕಂಡಿರಲಿಲ್ಲ. ಗೊಂದಲವಾಗಿ ಕೂತರು. ಬನ್ನು ಬಾಯಿಗೆ ಹೋದ ಮೇಲೆ ಬೈಗುಳಕ್ಕೆ ದಾರಿ ಉಳಿಯಲಿಲ್ಲ.

ಮೇಲ್ವಿಚಾರಕಿ ಒಳಗೆ ಬಂದರು. ಬೆಲ್ಟು ನೆಟ್ಟಗೆ ಓಡುತ್ತಿತ್ತು. ಅದರ ಮೇಲೆ ಒಲೆಯಿಂದ ಬ್ರೆಡ್ಡುಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ಬರುತ್ತಿದ್ದವು. ಮೇಲ್ವಿಚಾರಕಿ ಯಂತ್ರ ನಿಲ್ಲಿಸಿ, ಕನ್ನಡಕ ಏರಿಸಿ, ಬೆಲ್ಟಿನುದ್ದಕ್ಕೂ ಬೆರಳಾಡಿಸಿದರು. ಅದನ್ನು ಕೈಯಿಂದ ಎಳೆಸಿ ಇನ್ನೊಂದು ಸುತ್ತು ಬೆರಳಾಡಿಸಿದರು.

"ಜಾಯಿಂಟ್ ಎಲ್ಲಿದೆ?"

"ಹುಡುಕಿದ್ರೆ ಸಿಗಬಾರದು, ಅದೇ ಜಾಯಿಂಟು," ಅಂದರು ಪಂಡಿತರು. ಇದೊಂದು ಮಾತು ಮಾತ್ರ ಅವತ್ತು ಅವರು ಆಡಿದ್ದರಲ್ಲಿ ಅಪ್ಪಟ ನಿಜ.

"ಬಹಳ ಚೆನ್ನಾಗಿದೆ. ಆದ್ರೆ, ಇವರು ಯಾರು? ಯಾಕೆ ಇಲ್ಲಿ ಕೂತಿದ್ದಾರೆ?"

ಯಜಮಾನರು ಎರಡನೇ ಬನ್ನಿನಲ್ಲಿದ್ದರು.

"ಇವರು ಟೇಕಪ್," ಅಂದುಬಿಟ್ಟರು ಪಂಡಿತರು. "ದೊಡ್ಡ ಕಾರ್ಖಾನೆಗಳಲ್ಲಿ ಬೆಲ್ಟು ಬಿಗಿಯಾಗಿರಲಿ ಅಂತ ಒಂದು ಭಾರ ನೇತುಹಾಕಿರ್ತಾರಮ್ಮ. ಅದಕ್ಕೆ ಟೇಕಪ್ ಅಂತಾರೆ. ಅದಿಲ್ದೆ ಎಂಥ ಕನ್ವೇಯರೂ ನಡೆಯಲ್ಲ. ಇಲ್ಲಿ ಸಣ್ಣ ಜಾಗ ಅಲ್ವಾ, ಅದಕ್ಕೇ ಯಜಮಾನ್ರೇ ದೊಡ್ಡ ಮನಸ್ಸು ಮಾಡಿದ್ದಾರೆ. ಸದ್ಯಕ್ಕೆ."

ತಾವಿಲ್ಲದೆ ಯಾವುದೋ ಒಂದು ನಡೆಯುವುದಿಲ್ಲ ಅನ್ನುವ ಮಾತು ಯಜಮಾನರ ಕಿವಿಗೆ ಬಿದ್ದದ್ದು ಅದೇ ಮೊದಲು. ಅವರು ಬೆನ್ನು ನೇರ ಮಾಡಿಕೊಂಡು ಇನ್ನಷ್ಟು ಭಾರವಾಗಿ ಕೂತರು.

"ಮತ್ತೆ ಆ ಗೋಡೆ? ಹೋದ ಸಲ ಇತ್ತಲ್ಲ?"

ಇದಕ್ಕೆ ಉತ್ತರ ಹೇಳುವ ಭಾಗ್ಯವನ್ನು ಭಾವ ಯಾರಿಗೂ ಬಿಡಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು, ಶಾಲೆಯ ಪದ್ಯ ಒಪ್ಪಿಸುವವರ ಹಾಗೆ ಕೈಕಟ್ಟಿ ಹೇಳಿದರು:

"ಅದೇ ಇವನ ಪದ್ಧತಿ! ಬೇರೆಯವರು ಬೆಲ್ಟನ್ನ ಯಂತ್ರದೊಳಗೆ ತೂರಿಸಿ, ಕತ್ತಲಲ್ಲಿ ಬಗ್ಗಿಕೊಂಡು ಅಂಟಿಸ್ತಾರೆ. ಅದು ಸೊಟ್ಟ ಕೂರುತ್ತೆ, ಬಿಟ್ಕೊಳ್ಳುತ್ತೆ. ನಮ್ಮ ಹುಡುಗ ಮೊದಲು ಬೆಳಕಿನಲ್ಲಿ ಜಾಯಿಂಟ್ ಹಾಕ್ತಾನೆ, ಆಮೇಲೆ ಗೋಡೆ ತೆಗೆಸ್ತಾನೆ. ಬೆಲ್ಟಿನೊಳಗೆ ಯಂತ್ರ ಇರಬೇಕು, ಯಂತ್ರದೊಳಗೆ ಬೆಲ್ಟಲ್ಲ!"

ಮೇಲ್ವಿಚಾರಕಿ ಬೆಲ್ಟಿನ ಮೇಲೆ ಇನ್ನೊಂದು ಸಲ ಬೆರಳು ಒತ್ತಿ ನೋಡಿದರು. ಅಕ್ಕ ಬನ್ನಿನ ತಟ್ಟೆಯನ್ನು ಎದೆಗವಚಿಕೊಂಡಳು.

"ಸರಿ," ಅಂದರು ಕೊನೆಗೆ. "ನಾಳೆಯಿಂದ ಬ್ರೆಡ್ ಕಳಿಸಿ."

ಅಕ್ಕ ತಟ್ಟೆ ಕೆಳಗಿಟ್ಟು ತಮ್ಮನನ್ನು ತಬ್ಬಿಕೊಂಡಳು. ತಬ್ಬಿಕೊಂಡೇ ಅವನ ಕಿವಿಯಲ್ಲಿ, "ಜನ ಹೋಗಲಿ, ನಿನಗಿದೆ," ಅಂದಳು.

ಆದರೆ ಮೇಲ್ವಿಚಾರಕಿ ಹೋಗಲಿಲ್ಲ. ಅವರ ಮುಖದಲ್ಲಿ ಎಷ್ಟೋ ದಿನದ ಒಗಟು ಬಿಡಿಸಿದವರ ಕಳೆ ಬಂದಿತ್ತು.

"ನಮ್ಮಲ್ಲೂ ಒಂದು ಬೆಲ್ಟ್ ಇದೆ ಪಂಡಿತ್ರೇ. ಎಂಜಲು ತಟ್ಟೆಗಳು ಊಟದ ಮನೆಯಿಂದ ತೊಳೆಯೋ ಮನೆಗೆ ಅದರ ಮೇಲೇ ಹೋಗ್ತವೆ. ನಡುವೆ ಹೀಗೇ ಒಂದು ಗೋಡೆ. ಜಾಯಿಂಟ್ ಹಾಕ್ಸಿ ಹಾಕ್ಸಿ ಸಾಕಾಯ್ತು, ಬಿಟ್ಕೊಂಡು ಬಿಟ್ಕೊಂಡು ಬರುತ್ತೆ. ಈಗ ಗೊತ್ತಾಯ್ತು ಯಾಕೆ ಅಂತ. ನಾವು ಬೆಲ್ಟನ್ನ ಯಂತ್ರದೊಳಗೆ ಇಡ್ತಿದ್ವಿ! ನಾಳೆ ನೀವೇ ಬರಬೇಕು."

ಹೀಗೆಂದವರೇ ಫೋನು ತೆಗೆದು ಕಿವಿಗಿಟ್ಟುಕೊಂಡರು. "ಹಲೋ, ಸುತ್ತಿಗೆ ಇದೆಯಾ? ಇಬ್ಬರನ್ನ ಕರೀರಿ. ತಟ್ಟೆ ತೊಳೆಯೋ ಕಡೆ ಗೋಡೆ... ಹೂಂ, ಪೂರ್ತಿ. ಪಂಡಿತ್ರಿಗೆ ಬಂದ ಮೇಲೆ ಕಾಯೋ ಹಾಗಾಗಬಾರದು."

ಪಂಡಿತರ ಮುಖದಿಂದ ರಕ್ತವೆಲ್ಲ ಇಳಿದು ಎಡಕಿವಿಗೆ ಹೋಯಿತು. ಒಂದು ಬೇಕರಿಯ ಗೋಡೆಯಾದರೆ ನುಂಗಿಕೊಳ್ಳಬಹುದು, ಆಸ್ಪತ್ರೆಯ ಗೋಡೆ ಯಾವ ಹೊಟ್ಟೆಯಲ್ಲಿ ಹಿಡಿಸೀತು? ಧೈರ್ಯ ಅನ್ನುವುದು ಆ ಮನುಷ್ಯನಿಗೆ ಹುಟ್ಟಿದಾಗಿನಿಂದ ಮೊದಲ ಸಲ ಬಂತು, ಬರಬಾರದ ಹೊತ್ತಿನಲ್ಲಿ ಬಂತು.

"ಅಮ್ಮಾ, ಒಂದು ನಿಮಿಷ! ಒಂದು ನಿಜ ಹೇಳ್ಬೇಕು. ಆ ಬೆಲ್ಟನ್ನ ನಾನು ಮೇಜಿನ ಮೇಲೆ—"

ಮುಂದಿನ ಮಾತು ಬರಲಿಲ್ಲ. ಅಕ್ಕ ಒಂದು ಇಡೀ ಬನ್ನನ್ನು ತಮ್ಮನ ಬಾಯಿಗೆ ತುರುಕಿ, ಅಂಗೈಯಿಂದ ಒತ್ತಿ ಹಿಡಿದಿದ್ದಳು.

"ಬೆಳಗ್ಗೆಯಿಂದ ಏನೂ ತಿಂದಿಲ್ಲ ಪಾಪ," ಅಂದಳು ಮೇಲ್ವಿಚಾರಕಿಗೆ. "ಕೆಲಸ ಅಂದ್ರೆ ಹಸಿವೂ ಗೊತ್ತಾಗಲ್ಲ ಇವನಿಗೆ."

"ಬೇಗ ತಿನ್ನಿ, ನೀರು ಕುಡೀರಿ," ಅಂದರು ಮೇಲ್ವಿಚಾರಕಿ ಕನಿಕರದಿಂದ. ಅವರ ಕೈಯಲ್ಲಿದ್ದ ಫೋನಿನೊಳಗಿಂದ ಸುತ್ತಿಗೆಯ ಮೊದಲ ಏಟು ಕೇಳಿಸಿತು, ಧಡ್ ಅಂತ. ಅದರ ಹಿಂದೆಯೇ ತಟ್ಟೆಗಳ ರಾಶಿಯೊಂದು ಕೆಳಗೆ ಬಿದ್ದ ಸದ್ದು. ಯಾರೋ ಚಪ್ಪಾಳೆ ಹೊಡೆದದ್ದೂ ಕೇಳಿಸಿತು.

ಹೆಂಡತಿ ಗಂಡನ ಬೆನ್ನು ನೀವುತ್ತಾ, "ನುಂಗಿ," ಅಂದಳು. "ಚೆನ್ನಾಗಿ ಅಗಿದು ನುಂಗಿ."

ಅಕ್ಕ ಯಂತ್ರವನ್ನು ಮತ್ತೆ ಶುರುಮಾಡಿದಳು. ಆಸ್ಪತ್ರೆಗೆಂದು ಬೇಯಿಸಿದ್ದ ಬ್ರೆಡ್ಡುಗಳು ಒಲೆಯಿಂದ ಹೊರಟವು. ಮೇಲ್ವಿಚಾರಕಿ ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಹಾಂ, ಪಂಡಿತ್ರೇ, ನಾಳೆ ಬರುವಾಗ ನಿಮ್ಮ ಟೇಕಪ್ಪನ್ನೂ ಜೊತೇಲಿ ಕರ್ಕೊಂಡು ಬನ್ನಿ."

ಕಟ್ಟಡದ ಯಜಮಾನರ ಎದೆ ಉಬ್ಬಿತು. ಅಂಗಿಯ ಮೇಲಿನ ಬನ್ನಿನ ಪುಡಿ ಕೊಡವಿಕೊಂಡು, "ಎಷ್ಟು ಹೊತ್ತಿಗೆ ಬರಬೇಕು?" ಅನ್ನುತ್ತಾ ಮರ್ಯಾದೆಯಿಂದ ಮೇಲೇಳಲು ಹೊರಟರು.

"ಕೂತ್ಕೊಳ್ಳೀ!" ಅಂತ ಇಡೀ ಬೀದಿ ಒಂದೇ ಬಾಯಲ್ಲಿ ಕಿರುಚಿತು.